ಒಂದೇ ಕುಲುಮೆ, ಎರಡು ಉಕ್ಕು

(ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ ಇದು. ಪರದೆಯ ಮೇಲಿನ ಚಿತ್ರಗಳು ಇಲ್ಲಿಲ್ಲ. ಅವುಗಳ ಜಾಗದಲ್ಲಿ ಒಂದೆರಡು ಮಾತು ಸೇರಿಸಿದ್ದೇನೆ. ಪ್ರಶ್ನೋತ್ತರದಲ್ಲಿ ಮೂರನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಈ ಉಕ್ಕಿನ ಪಟ್ಟಿಯನ್ನು ಕೈಯಿಂದ ಕೈಗೆ ದಾಟಿಸಿ. ಮಾತು ಮುಗಿಯುವ ಹೊತ್ತಿಗೆ ವಾಪಸ್ ಬಂದರೆ ಸಾಕು. ಉದ್ದ 80 ಮಿಲಿಮೀಟರ್, ದಪ್ಪ 10. ಒಂದು ಮೈ ತುಕ್ಕು ಹಿಡಿದಿದೆ, ಇನ್ನೊಂದು ಮೈ ಹೊಳೆಯುತ್ತಿದೆ. ಇದು ಎರಡು ತಗಡು ಅಂಟಿಸಿ ಮಾಡಿದ್ದಲ್ಲ. ವೆಲ್ಡಿಂಗ್ ರೋಬೋ ಪದರದ ಮೇಲೆ ಪದರ ಸುರಿದು ಕಟ್ಟಿದ ಒಂದೇ ತುಂಡು. ಮೊದಲ ಅರ್ಧಕ್ಕೆ 316ಎಲ್ ಸ್ಟೇನ್‌ಲೆಸ್ ವೈರ್ ಹಾಕಿದೆವು. ನಡುವೆ ನಿಲ್ಲಿಸಿ ಮೈಲ್ಡ್ ಸ್ಟೀಲ್ ವೈರ್ ಹಾಕಿ ಮುಂದುವರಿಸಿದೆವು. ಅಷ್ಟೇ.

ಇವತ್ತಿನ ಮಾತೆಲ್ಲ ಆ "ಅಷ್ಟೇ" ಬಗ್ಗೆಯೇ.

ಒಂದೇ ತುಂಡಿನಲ್ಲಿ ಎರಡು ಉಕ್ಕು ಯಾಕೆ ಬೇಕು? ಆಸೆ ಸರಳ. ಪೈಪಿನ ಒಳಮೈಗೆ ತುಕ್ಕು ಹಿಡಿಯಬಾರದು, ಹೊರಮೈಗೆ ಬರೀ ಬಲ ಸಾಕು. ಇಡೀ ಪೈಪನ್ನು ದುಬಾರಿ ಸ್ಟೇನ್‌ಲೆಸ್‌ನಲ್ಲಿ ಯಾಕೆ ಮಾಡಬೇಕು? ಅಚ್ಚಿನ ಮುಖ ಗಡಸಾಗಿರಬೇಕು, ಬೆನ್ನು ಪೆಟ್ಟು ತಡೆದುಕೊಳ್ಳಬೇಕು. ಹಿಂದೆ ಇದಕ್ಕೆಲ್ಲ ಬೆಸುಗೆ ಹಾಕುತ್ತಿದ್ದರು, ಹೊದಿಕೆ ಬಳಿಯುತ್ತಿದ್ದರು. ಈಗ ಯಂತ್ರಕ್ಕೆ ಎರಡು ವೈರೋ ಎರಡು ಬಗೆಯ ಪುಡಿಯೋ ಕೊಟ್ಟರೆ, ಬೇಕಾದಲ್ಲಿ ಬೇಕಾದ್ದನ್ನು ಇಡುತ್ತದೆ. ವೈರ್ ಕರಗಿಸಿ ಕಟ್ಟುವ ಆರ್ಕ್ ವಿಧಾನ ಒಂದು. ಪುಡಿಯನ್ನು ಊದುತ್ತಾ ಲೇಸರಿನಿಂದ ಕರಗಿಸುವುದು ಇನ್ನೊಂದು. ಪುಡಿಯನ್ನು ಹಾಸಿ ಗೆರೆಗೆರೆಯಾಗಿ ಕರಗಿಸುವುದು ಮೂರನೆಯದು. ಯಂತ್ರಗಳ ಬಗ್ಗೆ ಇಷ್ಟು ಸಾಕು. ನನ್ನ ತಕರಾರು ಅವುಗಳ ಮೇಲಲ್ಲ, ಆಮೇಲೆ ಬರುವ ಕುಲುಮೆಯ ಮೇಲೆ.

ಎರಡು ಲೋಹದ ಪಟ್ಟಿ ಹೊಸದೇನಲ್ಲ. ಗಡಿಯಾರ ಮಾಡುತ್ತಿದ್ದ ಜಾನ್ ಹ್ಯಾರಿಸನ್ ತನ್ನ ಮೂರನೆಯ ಸಮುದ್ರ ಗಡಿಯಾರದಲ್ಲಿ ಹಿತ್ತಾಳೆ ಮತ್ತು ಉಕ್ಕನ್ನು ಬೆನ್ನಿಗೆ ಬೆನ್ನು ಜೋಡಿಸಿದ ಪಟ್ಟಿ ಇಟ್ಟಿದ್ದ. ಆ ಗಡಿಯಾರ ಮುಗಿದದ್ದು 1759ರಲ್ಲಿ. ಬಿಸಿಯಾದರೆ ಹಿತ್ತಾಳೆ ಜಾಸ್ತಿ ಹಿಗ್ಗುತ್ತದೆ, ಪಟ್ಟಿ ಬಾಗುತ್ತದೆ. ಅವನಿಗೆ ಬೇಕಿದ್ದದ್ದೇ ಆ ಬಾಗು. ನಮಗೆ ಬೇಡವಾದದ್ದೂ ಅದೇ. ಇದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಇಲ್ಲಿಗೆ ಬರುತ್ತೇವೆ.

ಮೊದಲು ಎರಡು ಉಕ್ಕು ಸೇರುವ ಗಡಿಯ ವಿಷಯ. ಇದು ಎರಡು ಉಕ್ಕಿನ ತುಂಡು ಅಂದೆ. ಅದು ಪೂರ್ತಿ ನಿಜವಲ್ಲ. ಹೊಸ ಪದರ ಸುರಿಯುವಾಗ ಕೆಳಗಿನ ಪದರವೂ ಸ್ವಲ್ಪ ಕರಗಿ ಮೇಲಕ್ಕೆ ಬೆರೆಯುತ್ತದೆ. ಬೆರಕೆ 30 ಶೇಕಡಾ ಅಂತಿಟ್ಟುಕೊಳ್ಳಿ. ಸ್ಟೇನ್‌ಲೆಸ್ ಮೇಲೆ ಮೈಲ್ಡ್ ಸ್ಟೀಲ್ ಸುರಿಯುತ್ತಿದ್ದೇವೆ. 316ಎಲ್‌ನಲ್ಲಿ ಕ್ರೋಮಿಯಂ ಸುಮಾರು 17 ಶೇಕಡಾ, ನಿಕಲ್ ಸುಮಾರು 12. ಮೊದಲ ಪದರದಲ್ಲಿ 5.1 ಕ್ರೋಮಿಯಂ, 3.6 ನಿಕಲ್. ಎರಡನೆಯದರಲ್ಲಿ ಕ್ರೋಮಿಯಂ 1.5. ಮೂರನೆಯದಕ್ಕೆ ಬರುವಷ್ಟರಲ್ಲಿ ಅರ್ಧ ಶೇಕಡಾಕ್ಕಿಂತ ಕಡಿಮೆ. ಆ ಮೊದಲ ಪದರ ಸ್ಟೇನ್‌ಲೆಸ್ಸೂ ಅಲ್ಲ, ಮೈಲ್ಡ್ ಸ್ಟೀಲೂ ಅಲ್ಲ. ಯಾರೂ ಕೊಂಡು ತಂದಿಲ್ಲದ, ಯಾವ ಕ್ಯಾಟಲಾಗಿನಲ್ಲೂ ಇಲ್ಲದ ಮೂರನೆಯ ಉಕ್ಕು.

ಅದರ ಗುಣ ಏನು? ವೆಲ್ಡಿಂಗ್‌ನವರ ಹಳೆಯ ಗೆಳೆಯ ಶೆಫ್ಲರ್ ನಕ್ಷೆ ಇದೆಯಲ್ಲ, ಅದನ್ನು ತೆಗೆಯಿರಿ. ಆಂಟನ್ ಶೆಫ್ಲರ್ 1949ರಲ್ಲಿ ಪ್ರಕಟಿಸಿದ್ದು. ಕ್ರೋಮಿಯಂ ಕಡೆಯ ಧಾತುಗಳನ್ನೆಲ್ಲ ಕೂಡಿಸಿ ಒಂದು ಅಂಕೆ, ನಿಕಲ್ ಕಡೆಯವನ್ನೆಲ್ಲ ಕೂಡಿಸಿ ಇನ್ನೊಂದು ಅಂಕೆ. ಎರಡೂ ಸೇರುವ ಜಾಗದಲ್ಲಿ ಚುಕ್ಕೆ ಇಟ್ಟರೆ ಬೆಸುಗೆ ಏನಾಗುತ್ತದೆ ಅಂತ ಗೊತ್ತಾಗುತ್ತದೆ. ನಮ್ಮ ಮೊದಲ ಪದರದ ಚುಕ್ಕೆ ಬೀಳುವುದು ನೇರ ಮಾರ್ಟೆನ್ಸೈಟ್ ಜಾಗದಲ್ಲಿ. ಮಾರ್ಟೆನ್ಸೈಟ್ ಅಂದರೆ ಉಕ್ಕು ಕೆಂಪಗಿದ್ದಾಗಿನ ಹರಳಿನ ಜೋಡಣೆ ಸಾವಕಾಶವಾಗಿ ಬದಲಾಗಲು ಸಮಯ ಸಿಗದೆ, ತಟ್ಟನೆ ತಿರುಚಿಕೊಂಡು ನಿಂತ ರೂಪ. ಗಡಸು. ಎರಡೂ ಕಡೆಯ ಉಕ್ಕು ಗಡಸುತನದ ವಿಕರ್ಸ್ ಅಳತೆಯಲ್ಲಿ 150ರಿಂದ 200 ತೋರಿಸುತ್ತಿರುವಾಗ, ನಡುವಿನ ಈ ಪಟ್ಟೆ 350ರ ಸುತ್ತಮುತ್ತ ತೋರಿಸುವುದುಂಟು.

ಇದೇ ಕೆಲಸವನ್ನು ತಿರುಗಿಸಿ ಮಾಡಿ. ಮೈಲ್ಡ್ ಸ್ಟೀಲ್ ಮೇಲೆ 316ಎಲ್ ಸುರಿಯಿರಿ. ಮೊದಲ ಪದರದಲ್ಲಿ ಕ್ರೋಮಿಯಂ ಸುಮಾರು 12, ನಿಕಲ್ 8ರ ಮೇಲೆ. ಆಸ್ಟೆನೈಟ್ (ಕೆಂಪಗಿದ್ದಾಗಿನ ಆ ಹರಳಿನ ಜೋಡಣೆ) ಮತ್ತು ಮಾರ್ಟೆನ್ಸೈಟ್ ಎರಡೂ ಬೆರೆತ ಜಾಗ. ಎರಡನೆಯ ಪದರದ ಹೊತ್ತಿಗೆ ಬಹುಪಾಲು ಸರಿಹೋಗಿರುತ್ತದೆ. ಎರಡೂ ವೈರು ಅವೇ, ಯಂತ್ರವೂ ಅದೇ. ಯಾವುದನ್ನು ಮೊದಲು ಸುರಿದಿರಿ ಅನ್ನುವುದರ ಮೇಲೆ ಗಡಿಯ ಹಣೆಬರಹ ಬದಲಾಯಿತು. ವೆಲ್ಡಿಂಗ್‌ನವರು ಇಂಥ ಜಾಗದಲ್ಲಿ ಮೊದಲು 309ಎಲ್ ವೈರ್ ಹಾಕುವುದು ಸುಮ್ನೆ ಅಲ್ಲ. ಅದರಲ್ಲಿ ಕ್ರೋಮಿಯಂ 23ರಿಂದ 25 ಶೇಕಡಾ. 30 ಶೇಕಡಾ ಬೆರಕೆಯಾದರೂ ಅದು ಸ್ಟೇನ್‌ಲೆಸ್ಸಾಗಿಯೇ ಉಳಿಯುತ್ತದೆ.

ಇನ್ನು ಕುಲುಮೆಗೆ ಬರೋಣ.

ಮೈಲ್ಡ್ ಸ್ಟೀಲನ್ನು ಕೇಳಿ. "ನನ್ನನ್ನು 600ರಿಂದ 650 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಡು, ಒಳಗಿನ ಬಿಗಿತ ಸಡಿಲವಾಗುತ್ತದೆ" ಅನ್ನುತ್ತದೆ. ಆ ಬಿಸಿಯನ್ನು ಸ್ಟೇನ್‌ಲೆಸ್ಸಿಗೆ ತೋರಿಸಿದರೆ ಅದು ಬೆಚ್ಚಿಬೀಳುತ್ತದೆ. ಸುಮಾರು 450ರಿಂದ 850 ಡಿಗ್ರಿಯ ನಡುವೆ ಕ್ರೋಮಿಯಂ ಮತ್ತು ಕಾರ್ಬನ್ ಹರಳುಗಳ ಅಂಚಿನಲ್ಲಿ ಸೇರಿ ಕಾರ್ಬೈಡ್ ಆಗುತ್ತವೆ. ಅಂಚಿನ ಪಕ್ಕದಲ್ಲಿ ಕ್ರೋಮಿಯಂ ಬಡವಾಗುತ್ತದೆ, ತುಕ್ಕಿಗೆ ದಾರಿ ತೆರೆಯುತ್ತದೆ. ಸ್ಟೇನ್‌ಲೆಸ್ ಕೇಳುವುದು 1040 ಡಿಗ್ರಿಯ ಮೇಲೆ ಬಿಸಿ, ಆಮೇಲೆ ಬೇಗ ತಂಪು. ಅಷ್ಟು ಬಿಸಿಯಲ್ಲಿ ಮೈಲ್ಡ್ ಸ್ಟೀಲಿನ ಹರಳುಗಳು ದಪ್ಪದಪ್ಪಗೆ ಬೆಳೆಯುತ್ತವೆ. ಎತ್ತು ಏರಿಗೆ, ಕೋಣ ನೀರಿಗೆ. ನೊಗ ಮಾತ್ರ ಒಂದೇ.

"316ಎಲ್‌ನಲ್ಲಿ ಕಾರ್ಬನ್ನೇ ಕಡಿಮೆಯಲ್ಲವಾ, 0.03 ಶೇಕಡಾಕ್ಕಿಂತ ಕಡಿಮೆ, ಅದಕ್ಕೇ ತಾನೇ ಹೆಸರಿನಲ್ಲಿ ಎಲ್ ಇರುವುದು?" ಅಂತ ಕೇಳುವವರಿದ್ದಾರೆ. ಒಂಟಿಯಾಗಿದ್ದಾಗ ಸರಿ. ಪಕ್ಕದಲ್ಲಿ ಕಾರ್ಬನ್ ಇರುವ ನೆರೆಯವನನ್ನು ಕೂರಿಸಿದ ಮೇಲೆ ಆ ಎಲ್ ಗಡಿಯ ಹತ್ತಿರ ಉಳಿಯುವುದಿಲ್ಲ. ಬಿಸಿಯಲ್ಲಿ ಕಾರ್ಬನ್ ಮೈಲ್ಡ್ ಸ್ಟೀಲ್ ಬಿಟ್ಟು ಸ್ಟೇನ್‌ಲೆಸ್ ಕಡೆ ನಡೆಯುತ್ತದೆ.

ಈ ನಡಿಗೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ನನಗೆ ಇದು ಇಡೀ ವಿಷಯದ ಅತ್ಯಂತ ಚಂದದ ಭಾಗ. ಸಕ್ಕರೆ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹರಡುತ್ತದೆ ಅಂತ ಶಾಲೆಯಲ್ಲಿ ಕಲಿತಿದ್ದೇವೆ. 1949ರಲ್ಲಿ ಡಾರ್ಕನ್ ಎಂಬ ವಿಜ್ಞಾನಿ ಒಂದು ಪ್ರಯೋಗದ ಫಲ ಪ್ರಕಟಿಸಿದ. ಎರಡು ಉಕ್ಕಿನ ತುಂಡು. ಎರಡರಲ್ಲೂ ಕಾರ್ಬನ್ ಹತ್ತಿರಹತ್ತಿರ ಸಮ. ಒಂದರಲ್ಲಿ ಮಾತ್ರ ಸಿಲಿಕಾನ್ ಜಾಸ್ತಿ. ಎರಡನ್ನೂ ಬೆಸೆದು 1050 ಡಿಗ್ರಿಯಲ್ಲಿ 13 ದಿನ ಇಟ್ಟ. ಸಮ ಇದ್ದದ್ದು ಸಮವಾಗಿಯೇ ಇರಬೇಕಿತ್ತು. ಇರಲಿಲ್ಲ. ಕಾರ್ಬನ್ ಸಿಲಿಕಾನ್ ಇರುವ ಕಡೆಯಿಂದ ಎದ್ದು ಇನ್ನೊಂದು ಕಡೆ ಹೋಗಿ ಕೂತಿತ್ತು. ಕಾರ್ಬನ್ ನೋಡುವುದು ಎಲ್ಲಿ ಎಷ್ಟಿದ್ದೇನೆ ಅಂತಲ್ಲ, ಎಲ್ಲಿ ನೆಮ್ಮದಿ ಅಂತ. ಸಿಲಿಕಾನ್ ಅದನ್ನು ಹೊರಗೆ ತಳ್ಳುತ್ತದೆ. ಕ್ರೋಮಿಯಂ ಕೈಹಿಡಿದು ಕೂರಿಸಿಕೊಳ್ಳುತ್ತದೆ.

ನಮ್ಮ ತುಂಡಿನಲ್ಲಿ ಒಂದು ಕಡೆ 17 ಶೇಕಡಾ ಕ್ರೋಮಿಯಂ ಇದೆ. ಇನ್ನೊಂದು ಕಡೆಯ ವೈರಿನಲ್ಲಿ, ಅದು ಸಾಮಾನ್ಯವಾಗಿ ಬಳಸುವ ಇಆರ್70ಎಸ್-6 ಆಗಿದ್ದರೆ, ಸಿಲಿಕಾನ್ 0.8ರಿಂದ 1.15 ಶೇಕಡಾ ಇದೆ. ತಳ್ಳುವವನೂ ಇದ್ದಾನೆ, ಕರೆಯುವವನೂ ಇದ್ದಾನೆ. ಸ್ಟೇನ್‌ಲೆಸ್ ಕಡೆ ಕಾರ್ಬನ್ ಆಗಲೇ ಜಾಸ್ತಿಯಾಗಿದ್ದರೂ ಇನ್ನೂ ಬರುತ್ತಲೇ ಇರುತ್ತದೆ. ಕೊನೆಗೆ ಗಡಿಯ ಒಂದು ಬದಿಗೆ ಕಾರ್ಬನ್ ಕಳೆದುಕೊಂಡ ಮೆತ್ತನೆಯ ಪಟ್ಟೆ, ಇನ್ನೊಂದು ಬದಿಗೆ ಕಾರ್ಬೈಡ್ ತುಂಬಿದ ಗಡಸು ಪಟ್ಟೆ. ಕೂದಲಿನಷ್ಟು ದಪ್ಪದ ಎರಡು ಪಟ್ಟೆಗಳು, ಅಕ್ಕಪಕ್ಕ. ಹದ ಮಾಡಲು ಹೋಗಿ ನಾವೇ ಮಾಡಿಕೊಂಡದ್ದು.

ಇದನ್ನು ಕಣ್ಣಾರೆ ನೋಡುವುದೂ ಒಂದು ಪಾಡು. ಉಕ್ಕಿನ ಒಳಗಿನ ಹರಳು ಕಾಣಬೇಕಾದರೆ ಮೈಯನ್ನು ಉಜ್ಜಿ ಕನ್ನಡಿ ಮಾಡಿ, ಆಸಿಡ್ ಮುಟ್ಟಿಸಬೇಕು. ಮೊದಲ ಸಲ ನಾನು ನೈಟಾಲ್, ಅಂದರೆ ಆಲ್ಕೋಹಾಲಿನಲ್ಲಿ ಬೆರೆಸಿದ ನೈಟ್ರಿಕ್ ಆಸಿಡ್, ಹಾಕಿದೆ. ಮೈಲ್ಡ್ ಸ್ಟೀಲ್ ಚೆನ್ನಾಗಿ ಕಂಡಿತು. ಸ್ಟೇನ್‌ಲೆಸ್ ಕನ್ನಡಿಯಾಗಿಯೇ ಉಳಿದು ನನ್ನ ಮುಖ ತೋರಿಸಿತು. ಸರಿ, ಅಂತ ಸ್ಟೇನ್‌ಲೆಸ್ಸಿಗೆ ಬೇಕಾದ ಕಟು ದ್ರಾವಣ ಹಾಕಿದೆ. ಅದು ಕಾಣುವಷ್ಟರಲ್ಲಿ ಮೈಲ್ಡ್ ಸ್ಟೀಲ್ ಕರ್ರಗಾಗಿ, ನೋಡಬೇಕಾಗಿದ್ದ ಗಡಿಯೇ ಮಸಿಯಾಗಿತ್ತು. ಒಂದು ವಾರದ ಉಜ್ಜುವ ಕೆಲಸ ನೀರುಪಾಲು. ಮೈಲ್ಡ್ ಸ್ಟೀಲನ್ನು ಮೊದಲು ನೋಡಿ, ಫೋಟೋ ತೆಗೆದು, ಮತ್ತೆ ಉಜ್ಜಿ, ಆಮೇಲೆ ಸ್ಟೇನ್‌ಲೆಸ್ ಕಡೆಗೆ ಮಾತ್ರ ಕರೆಂಟ್ ಹಾಯಿಸಿ ಆಕ್ಸಾಲಿಕ್ ಆಸಿಡ್‌ನಲ್ಲಿ ಎಚ್ಚರಿಕೆಯಿಂದ ಮಾಡಬೇಕು ಅಂತ ಕಲಿತದ್ದು ಹೀಗೆ.

ಈಗ ಮಾರ್ಟೆನ್ಸೈಟಿನ ಕಥೆ ಮುಂದುವರಿಸುತ್ತೇನೆ. ಪದರ ಪದರವಾಗಿ ಕಟ್ಟುವಾಗ ಮೇಲಿನ ಪದರದ ಬಿಸಿ ಕೆಳಗಿನದನ್ನು ಮತ್ತೆ ಮತ್ತೆ ಕಾಯಿಸುತ್ತದೆ. ಹಾಗಾಗಿ ಗಡಿಯ ಮಾರ್ಟೆನ್ಸೈಟ್ ತನ್ನಷ್ಟಕ್ಕೆ ಸ್ವಲ್ಪ ಹದಕ್ಕೆ ಬಂದಿರುತ್ತದೆ. ಕಾರ್ಬನ್ ಕಡಿಮೆಯಿರುವ ಮಾರ್ಟೆನ್ಸೈಟ್ ಅಷ್ಟೇನೂ ಪೆಡಸಲ್ಲ, ಹೆಸರು ಕೇಳಿದ ಕೂಡಲೇ ಹೆದರಬೇಕಿಲ್ಲ. ಆದರೆ ಇಡೀ ತುಂಡನ್ನು 950 ಅಥವಾ 1050 ಡಿಗ್ರಿಗೆ ಏರಿಸಿದರೆ ಆ ಪಟ್ಟೆ ಮತ್ತೆ ಆಸ್ಟೆನೈಟ್ ಆಗುತ್ತದೆ. ಅದರಲ್ಲಿ 5 ಶೇಕಡಾ ಕ್ರೋಮಿಯಂ, 3.6 ನಿಕಲ್ ಇರುವುದರಿಂದ ನೀರಿಗೆ ಹಾಕುವುದೇ ಬೇಡ, ಗಾಳಿಯಲ್ಲಿ ತಂಪಾದರೂ ಹೊಚ್ಚ ಹೊಸ ಮಾರ್ಟೆನ್ಸೈಟ್ ಆಗುತ್ತದೆ. ಯಂತ್ರ ಪುಕ್ಕಟೆಯಾಗಿ ಮಾಡಿಕೊಟ್ಟಿದ್ದ ಹದವನ್ನು ನಾವು ಕುಲುಮೆಯಲ್ಲಿ ಅಳಿಸಿದಂತಾಯಿತು. ಮೇಲಿನ ಬಿಸಿ ಕೊಟ್ಟವರು ಕೆಳಗಿನ ಬಿಸಿಯಲ್ಲಿ ಮತ್ತೊಮ್ಮೆ ಟೆಂಪರ್ ಮಾಡಬೇಕು, ಅಂದರೆ ಕಾಯಿಸಿ ಗಡಸು ಇಳಿಸಬೇಕು. ಆ ಕೆಳಗಿನ ಬಿಸಿ ಯಾವುದು? ಅದೇ 600ರ ಆಸುಪಾಸು. ಕಾರ್ಬನ್ ನಡೆಯುವ ಜಾಗ.

ಇನ್ನೊಂದು ಭ್ರಮೆ ಇದೆ. ಒಳಗಿನ ಬಿಗಿತ ಹೋಗಲಿ ಅಂತ ಕುಲುಮೆಗೆ ಹಾಕುತ್ತೇವೆ. ಒಂದೇ ಲೋಹವಾದರೆ ಹೋಗುತ್ತದೆ. ಎರಡು ಲೋಹವಾದರೆ ಕುಲುಮೆಯೊಳಗೆ ಹೋಗುತ್ತದೆ, ಹೊರಗೆ ಬರುವಾಗ ವಾಪಸ್ ಬರುತ್ತದೆ. ಲೆಕ್ಕ ಹಾಕಿ. ಒಂದು ಡಿಗ್ರಿಗೆ ಸ್ಟೇನ್‌ಲೆಸ್ ಮೈಲ್ಡ್ ಸ್ಟೀಲಿಗಿಂತ ಹತ್ತು ಲಕ್ಷದಲ್ಲಿ ಸುಮಾರು 4 ಪಾಲು ಜಾಸ್ತಿ ಕುಗ್ಗುತ್ತದೆ. 600 ಡಿಗ್ರಿ ಇಳಿದರೆ 2400 ಪಾಲು, ಅಂದರೆ 0.0024. ಉಕ್ಕಿನ ಬಿಗುವು, ಅಂದರೆ ಹಿಗ್ಗಿಸಲು ಹೋದರೆ ಎಷ್ಟು ಎದುರು ನಿಲ್ಲುತ್ತದೆ ಅನ್ನುವ ಅಳತೆ, 200 ಗಿಗಾಪಾಸ್ಕಲ್. ಗುಣಿಸಿದರೆ 480 ಮೆಗಾಪಾಸ್ಕಲ್. ಎರಡೂ ಕಡೆ ಒಂದೇ ದಪ್ಪವಾದರೆ ಇದನ್ನು ಅರ್ಧರ್ಧ ಹಂಚಿಕೊಳ್ಳುತ್ತವೆ, ತಲಾ 240. ಸ್ಟೇನ್‌ಲೆಸ್ ಎಳೆತದಲ್ಲಿ, ಮೈಲ್ಡ್ ಸ್ಟೀಲ್ ಒತ್ತಿನಲ್ಲಿ. ಪಟ್ಟಿ ಬಾಗಿದರೆ ಬಿಗಿತ ಕಳೆಯುವುದಿಲ್ಲವಾ? ಕಳೆಯುತ್ತದೆ, ಆದರೆ ಗಡಿಯಿಂದ ದೂರದಲ್ಲಿ. ಗಡಿಗೆ ಅಂಟಿದ ಜಾಗದಲ್ಲಿ ಅದೇ 240 ಉಳಿಯುತ್ತದೆ. ಎರಡು ಲೋಹದ ಪಟ್ಟಿಯ ಈ ಲೆಕ್ಕವನ್ನು ತಿಮೊಶೆಂಕೊ ಎಂಬ ಇಂಜಿನಿಯರ್ 1925ರಲ್ಲೇ ಬರೆದಿಟ್ಟಿದ್ದಾರೆ. ಪೂರ್ತಿ ಅನೀಲ್ ಮಾಡಿದ, ಅಂದರೆ ಕಾಯಿಸಿ ಮೆದು ಮಾಡಿದ, 316ಎಲ್ ತಗಡು ಶಾಶ್ವತವಾಗಿ ಹಿಗ್ಗಲು ಶುರುವಾಗುವ ಬಲ ಕನಿಷ್ಠ 170 ಮೆಗಾಪಾಸ್ಕಲ್ ಇದ್ದರೆ ಸಾಕು ಅನ್ನುತ್ತವೆ ನಿಯಮಗಳು. ಅಂದರೆ ಹೊರಗಿನ ಯಾವ ಭಾರವೂ ಇಲ್ಲದೆ, ಸುಮ್ಮನೆ ಮೇಜಿನ ಮೇಲೆ ಮಲಗಿರುವ ತುಂಡಿನ ಗಡಿಯಲ್ಲಿ ಸ್ಟೇನ್‌ಲೆಸ್ ಆಗಲೇ ತನ್ನ ಮಿತಿಯ ಹತ್ತಿರ, ಕೆಲವೊಮ್ಮೆ ಅದನ್ನು ದಾಟಿ, ನಿಂತಿರುತ್ತದೆ.

ಹಾಗಾದರೆ ಎರಡು ಉಕ್ಕಿನ ಸಹವಾಸವೇ ಬೇಡವಾ? ಬೇಕು. ಆದರೆ ನಾವು ಕೆಲಸ ಮಾಡುವ ಕ್ರಮ ತಲೆಕೆಳಗಾಗಿದೆ ಅಂತ ನನ್ನ ಅಭಿಪ್ರಾಯ. ಮೊದಲು ಎರಡು ಉಕ್ಕು ಆರಿಸುತ್ತೇವೆ, ಕಟ್ಟುತ್ತೇವೆ, ಆಮೇಲೆ "ಇದಕ್ಕೆ ಯಾವ ಬಿಸಿ ಕೊಡೋಣ?" ಅಂತ ತಲೆ ಕೆರೆದುಕೊಳ್ಳುತ್ತೇವೆ. ಮೊದಲು ಕುಲುಮೆಯ ಬಿಸಿ ಆರಿಸಬೇಕು. ಆ ಬಿಸಿಯನ್ನು ಇಬ್ಬರೂ ತಡೆದುಕೊಳ್ಳುವಂಥ ಜೋಡಿ ಹುಡುಕಬೇಕು. ಜೋಡಿಗಳು ಇವೆ.

17-4 ಪಿಎಚ್ ಅನ್ನುವ ಗಡಸು ಸ್ಟೇನ್‌ಲೆಸ್ ತೆಗೆದುಕೊಳ್ಳಿ. ಅದು ಮೊದಲು ಕೇಳುವುದು 1040 ಡಿಗ್ರಿ. 316ಎಲ್ ಕೇಳುವುದೂ ಅಲ್ಲಿಂದಲೇ ಶುರು. ಆಮೇಲೆ 17-4ಕ್ಕೆ 482 ಡಿಗ್ರಿಯಲ್ಲಿ ಒಂದು ಗಂಟೆ ಬೇಕು. ಆಗ ಅದರಲ್ಲಿರುವ ತಾಮ್ರ ಕಣ್ಣಿಗೆ ಕಾಣದ ಕಣಗಳಾಗಿ ಹೊರಬಿದ್ದು ಉಕ್ಕನ್ನು ಬಿಗಿ ಮಾಡುತ್ತದೆ. ಅಷ್ಟು ಕಡಿಮೆ ಬಿಸಿಯಲ್ಲಿ, ಅಷ್ಟು ಕಡಿಮೆ ಹೊತ್ತಿನಲ್ಲಿ, 316ಎಲ್‌ಗೆ ಹೆಚ್ಚೇನೂ ಆಗುವುದಿಲ್ಲ. ಎರಡೂ ಕಡೆ ಕಾರ್ಬನ್ ಕಡಿಮೆ, ಕ್ರೋಮಿಯಂ ಹತ್ತಿರಹತ್ತಿರ ಒಂದೇ. ಕಾರ್ಬನ್ ನಡೆದು ಹೋಗಲು ಕಾರಣವೇ ಇಲ್ಲ. ಹಿಗ್ಗುವ ವ್ಯತ್ಯಾಸ ಮಾತ್ರ ಉಳಿಯುತ್ತದೆ, ಅದು ಸ್ವಲ್ಪ ದೊಡ್ಡದೇ.

ಇನ್ನೂ ಚಂದದ ಜೋಡಿ ಅಚ್ಚಿನವರದ್ದು. ಕೆಳಗೆ ಆಗಲೇ ಹದ ಮಾಡಿ ಮುಗಿಸಿದ ಎಚ್13 ಟೂಲ್ ಸ್ಟೀಲ್ ದಿಮ್ಮಿ. ಅದರ ಮೇಲೆ ಲೇಸರಿನಿಂದ ಮ್ಯಾರೇಜಿಂಗ್ ಉಕ್ಕು ಕಟ್ಟುತ್ತಾರೆ, ಒಳಗೆ ಸುತ್ತಿಬಳಸಿ ಹೋಗುವ ನೀರಿನ ದಾರಿಗಳ ಸಮೇತ. ಈ ಉಕ್ಕಿನಲ್ಲಿ 18 ಶೇಕಡಾ ನಿಕಲ್ ಇದೆ, ಕಾರ್ಬನ್ ಇಲ್ಲವೆನ್ನುವಷ್ಟು ಕಡಿಮೆ. ಅದು ಗಟ್ಟಿಯಾಗುವುದು 490 ಡಿಗ್ರಿಯಲ್ಲಿ ಕೆಲವು ಗಂಟೆ ಇಟ್ಟಾಗ. ಎಚ್13 ಟೆಂಪರ್ ಆದದ್ದು ಸಾಮಾನ್ಯವಾಗಿ 550ರಿಂದ 600ರಲ್ಲಿ. ಅದಕ್ಕಿಂತ ಕೆಳಗಿನ ಬಿಸಿ ಅದನ್ನು ಮುಟ್ಟುವುದಿಲ್ಲ. ಲೇಸರ್ ತಾಗಿದ ತೆಳು ಪಟ್ಟೆಯಲ್ಲಿ ಹೊಸದಾಗಿ ಹುಟ್ಟಿದ ಮಾರ್ಟೆನ್ಸೈಟೂ ಅದೇ 490ರಲ್ಲಿ ಅಷ್ಟಿಷ್ಟು ಹದಕ್ಕೆ ಬರುತ್ತದೆ. ಒಂದೇ ಬಿಸಿ, ಯಾರಿಗೂ ತಕರಾರಿಲ್ಲ.

ಕೊನೆಯದಾಗಿ ಬಲ ಪರೀಕ್ಷೆ. ಇಲ್ಲಿ ನನಗೆ ಸ್ವಲ್ಪ ಸಿಟ್ಟಿದೆ. ಎಳೆದು ಮುರಿಯುವ ಪರೀಕ್ಷೆಗೆ ಸರಳು ಮಾಡುತ್ತಾರೆ, ಗಡಿ ಅಡ್ಡಡ್ಡ ನಡುವಿನಲ್ಲಿ ಬರುವಂತೆ. ಎಳೆಯುತ್ತಾರೆ. ಮೆದು ಉಕ್ಕಿನ ಕಡೆ ಸೊಂಟ ಸಣ್ಣಗಾಗಿ ತುಂಡಾಗುತ್ತದೆ. "ಗಡಿಯಿಂದ ದೂರ ಮುರಿಯಿತು, ಗಡಿ ಎರಡಕ್ಕಿಂತ ಬಲವಾಗಿದೆ" ಅಂತ ಬರೆಯುತ್ತಾರೆ. ಸರಪಳಿಯ ಬಲಹೀನ ಕೊಂಡಿ ಮುರಿಯಿತು ಅಷ್ಟೇ. ಉಳಿದ ಕೊಂಡಿಗಳ ಬಗ್ಗೆ ಅದು "ಇಷ್ಟು ಭಾರಕ್ಕೆ ಮುರಿಯಲಿಲ್ಲ" ಅಂತ ಮಾತ್ರ ಹೇಳುತ್ತದೆ. ಕಾರ್ಬನ್ ಕಳೆದುಕೊಂಡ ಆ ಮೆತ್ತನೆಯ ಪಟ್ಟೆ ಕೂಡ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಅದು ತುಂಬ ತೆಳು. ಎರಡು ಬದಿಯ ಗಟ್ಟಿ ಉಕ್ಕು ಅದನ್ನು ಅಡ್ಡಕ್ಕೆ ಕುಗ್ಗಲು ಬಿಡುವುದಿಲ್ಲ. ಅಡ್ಡಕ್ಕೆ ಕುಗ್ಗದೆ ಉದ್ದಕ್ಕೆ ಹಿಗ್ಗಲಾಗದು. ಒಂಟಿಯಾಗಿದ್ದರೆ ತೋರಿಸುತ್ತಿದ್ದ ಬಲಕ್ಕಿಂತ ಜಾಸ್ತಿ ಬಲ ತೋರಿಸುತ್ತದೆ.

ಸರಳನ್ನು ಗಡಿಯ ಉದ್ದಕ್ಕೆ ಕತ್ತರಿಸಿ ಎಳೆಯಿರಿ. ಆಗ ಎಲ್ಲರೂ ಸಮನಾಗಿ ಹಿಗ್ಗಲೇಬೇಕು. ಎರಡೂ ಉಕ್ಕು ಹಾಯಾಗಿ ಹಿಗ್ಗುತ್ತಿರುವಾಗ ಕಡಿಮೆ ಹಿಗ್ಗುವ ಗಡಸು ಪಟ್ಟೆ ಮೊದಲು ಬಿರುಕು ಬಿಡುತ್ತದೆ, ಒಂದಾದ ಮೇಲೆ ಒಂದು. ಬಾಗಿಸುವ ಪರೀಕ್ಷೆಯೂ ಇಷ್ಟೇ ನಿಷ್ಠುರ.

ಬಿರುಕಿನ ದಿಕ್ಕೂ ಲೆಕ್ಕಕ್ಕೆ ಬರುತ್ತದೆ. ಮೆದು ಉಕ್ಕಿನಲ್ಲಿ ಹುಟ್ಟಿದ ಬಿರುಕು ಗಟ್ಟಿ ಉಕ್ಕಿನ ಕಡೆ ಬಂದರೆ ಗಡಿಯ ಹತ್ತಿರ ನಿಧಾನವಾಗುತ್ತದೆ, ಕೆಲವೊಮ್ಮೆ ನಿಂತೇಬಿಡುತ್ತದೆ ಅಥವಾ ಪಕ್ಕಕ್ಕೆ ತಿರುಗುತ್ತದೆ. ಗಟ್ಟಿಯಿಂದ ಮೆದುವಿನ ಕಡೆ ಬರುವ ಬಿರುಕಿಗೆ ಗಡಿಯೇ ವೇಗ ಕೊಡುತ್ತದೆ. ಆದ್ದರಿಂದ ಗಡಿಯ ಬಲ ಇಷ್ಟು ಅಂತ ಒಂದೇ ಅಂಕೆ ಹೇಳುವವರನ್ನು ನಾನು ಮೊದಲು ಕೇಳುವುದು, "ಯಾವ ಕಡೆಯಿಂದ?"

ಇನ್ನು ಪ್ರಶ್ನೆಗಳು.

ಒಬ್ಬರು ಕೇಳಿದರು: ಒಮ್ಮೆಲೇ ಬದಲಾಯಿಸುವ ಬದಲು 10 ಶೇಕಡಾ, 20 ಶೇಕಡಾ ಅಂತ ನಿಧಾನಕ್ಕೆ ಬೆರೆಸುತ್ತಾ ಹೋದರೆ? ಕೇಳಲು ಹಿತವಾಗಿದೆ. ಆದರೆ ಶೆಫ್ಲರ್ ನಕ್ಷೆಯಲ್ಲಿ ಮೈಲ್ಡ್ ಸ್ಟೀಲಿನಿಂದ 316ಎಲ್‌ಗೆ ನೇರ ಗೆರೆ ಎಳೆಯಿರಿ. ಗೆರೆ ಹಾಯುವುದೇ ಮಾರ್ಟೆನ್ಸೈಟ್ ಜಾಗದ ಮೂಲಕ. ಒಮ್ಮೆಲೇ ಬದಲಾಯಿಸಿದರೆ ಅಲ್ಲಿ ಒಂದು ಪದರ ಇರುತ್ತೀರಿ. ನಿಧಾನಕ್ಕೆ ಹೋದರೆ ಹತ್ತು ಪದರ. ಸುತ್ತು ಹಾದಿ ಹಿಡಿಯಬೇಕು. ನಡುವೆ ನಿಕಲ್ ಮಿಶ್ರಲೋಹದ ಪದರ ಹಾಕಿದರೆ ಅದು ಹಿಗ್ಗುವುದರಲ್ಲಿ ಎರಡರ ನಡುವೆ ಇರುತ್ತದೆ, ಕಾರ್ಬನ್ನಿಗೂ ಅಡ್ಡ ನಿಲ್ಲುತ್ತದೆ. ಬೆಲೆ ಜಾಸ್ತಿ.

ಇನ್ನೊಬ್ಬರು: ಕುಲುಮೆಗೆ ಹಾಕದೆ ಹಾಗೇ ಬಿಟ್ಟರೆ? ಎಷ್ಟೋ ಸಲ ಅದೇ ಸರಿ. ಪುಡಿ ಹಾಸಿ ಲೇಸರಿನಲ್ಲಿ ಮಾಡಿದ 316ಎಲ್ ಯಂತ್ರದಿಂದ ಹೊರಬಂದಾಗಲೇ ಅನೀಲ್ ಮಾಡಿದ ತಗಡಿನ ಎರಡು ಪಟ್ಟು ಬಲ ತೋರಿಸುವುದುಂಟು. ಬೇಗ ತಂಪಾದದ್ದರಿಂದ ಒಳಗೆ ಹೆಣೆದುಕೊಂಡ ಸಣ್ಣ ಸಣ್ಣ ಕೋಶಗಳು ಅದಕ್ಕೆ ಕಾರಣ. 1000 ಡಿಗ್ರಿಯ ಮೇಲೆ ಇಟ್ಟರೆ ಆ ಹೆಣಿಗೆ ಬಿಚ್ಚಿಹೋಗುತ್ತದೆ. ಆದರೆ ಹಾಗೇ ಬಿಟ್ಟ ತುಂಡನ್ನು ತಳದ ಪ್ಲೇಟಿನಿಂದ ಕತ್ತರಿಸುವಾಗ ಎಚ್ಚರ. ಗರಗಸವನ್ನೇ ಕಚ್ಚಿ ಹಿಡಿದದ್ದನ್ನು ನೋಡಿದ್ದೇನೆ.

ಮೂರನೆಯ ಪ್ರಶ್ನೆ ಮಧ್ಯದ ಸಾಲಿನಿಂದ ಬಂತು. ಪಟ್ಟಿ ಅಷ್ಟು ಹೊತ್ತಿಗೆ ಅಲ್ಲಿ ತಲುಪಿತ್ತು. ಕೇಳಿದವರು ಅದನ್ನು ಮುಂದಿನ ಮೇಜಿನ ಮೇಲಿಟ್ಟು, ಹೊಳೆಯುವ ಮೈ ಮೇಲೆ ಮಾಡಿ, ಬೆರಳಿನಿಂದ ಒತ್ತಿ ನೋಡುತ್ತಿದ್ದರು. "ಇದು ಅಲ್ಲಾಡುತ್ತಿದೆಯಲ್ಲ, ಸಾಣೆ ಹಿಡಿಯುವಾಗ ಸರಿ ಕೂರಿಸಲಿಲ್ಲವಾ?" ಸಾಣೆ ಸರಿಯಾಗಿಯೇ ಹಿಡಿದಿದ್ದೆವು. ಎರಡೂ ಮೈ ಚಪ್ಪಟೆ ಮಾಡಿದ ಮೇಲೆ ಅದನ್ನು 650 ಡಿಗ್ರಿಯಲ್ಲಿ ಇಟ್ಟು ನಿಧಾನಕ್ಕೆ ತಣಿಸಿದ್ದೇವೆ, ಒಳಗಿನ ಬಿಗಿತ ಹೋಗಲಿ ಅಂತ. ತಿರುಗಿಸಿ ಇಡಿ ಅಂದೆ. ತಿರುಗಿಸಿದರು. ಈಗ ಅಲ್ಲಾಡಲಿಲ್ಲ, ಎರಡು ತುದಿಯ ಮೇಲೆ ಗಟ್ಟಿಯಾಗಿ ಕೂತಿತು. ಕೈಲಿದ್ದ ಕರಪತ್ರದ ಹಾಳೆಯನ್ನು ಪಟ್ಟಿಯ ನಡುವಿನ ಅಡಿಗೆ ತೂರಿಸಿ ನೋಡಿದರು. ಒಂದು ಹಾಳೆ ಹೋಯಿತು, ಎರಡನೆಯದೂ ಹೋಯಿತು.